ಇಳಿದು ತಳ್ಳಬೇಡಿ, ಕೂತು ಓಡಿಸಿ

ಕಡಿಮೆ ದುಡ್ಡಲ್ಲಿ ಬೈಕ್ ಕಲಿಯೋದು ಹೇಗೆ, ಯಾವ ಗಾಡಿ ತಗೊಳ್ಳೋದು ಅಂತ ನಮ್ಮ ಹುಡುಗ ಹುಡುಗೀರು ಕೇಳ್ತಿರ್ತಾರೆ. ಹೇಳ್ತೀನಿ. ಅದಕ್ಕೂ ಮೊದಲು ಒಂದಿಷ್ಟು ಚರಿತ್ರೆ. ಯಾಕಂದ್ರೆ ನಮ್ಮ ಜನಕ್ಕೆ ಗಾಡಿ ಹತ್ತೋದು ಬರೀ ದುಡ್ಡಿನ ಪ್ರಶ್ನೆ ಆಗಿರಲಿಲ್ಲ.

1901. ಬಾಲಕ ಭೀಮರಾವ್ ಅಣ್ಣನ ಜೊತೆ ತಂದೆಯನ್ನು ನೋಡಲು ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಮಹಾರರು ಅಂತ ಗೊತ್ತಾದ ಮೇಲೆ ಎತ್ತಿನಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ. ಅದೂ ಗಾಡಿಯನ್ನ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ ಅಂತ.

1929, ಚಾಳೀಸ್‌ಗಾಂವ್. ಆ ಬಾಲಕ ಈಗ ಬ್ಯಾರಿಸ್ಟರ್. ಆದ್ರೂ ಅವರನ್ನ ಕೂರಿಸಿಕೊಂಡು ಓಡಿಸಲು ಟಾಂಗಾದವರು ತಯಾರಿರಲಿಲ್ಲ. ಬಾಬಾಸಾಹೇಬರನ್ನ ನಡೆಸಿಕೊಂಡು ಹೋಗೋದು ಗೌರವ ಅಲ್ಲ ಅಂತ ಕೇರಿಯ ಜನ ಟಾಂಗಾವನ್ನಷ್ಟೇ ಬಾಡಿಗೆಗೆ ತಂದು, ತಮ್ಮವನೊಬ್ಬನನ್ನೇ ಓಡಿಸಲು ಕೂರಿಸಿದರು. ಅವನಿಗೆ ಓಡಿಸಿ ಗೊತ್ತಿರಲಿಲ್ಲ. ಸೇತುವೆಯ ಕಲ್ಲಿಗೆ ಚಕ್ರ ಸಿಕ್ಕಿ ಬಾಬಾಸಾಹೇಬರು ಕೆಳಗೆ ಬಿದ್ದು ಕಾಲು ಮುರಿಯಿತು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಈ ಎರಡನ್ನೂ ಅವರೇ ಬರೆದಿದ್ದಾರೆ.

ತಪ್ಪು ಓಡಿಸಿದವನದಲ್ಲ. ಕಲಿಯಲು ಅವಕಾಶವೇ ಇಲ್ಲದವನ ಕೈಗೆ ಲಗಾಮು ಬಂದಿತ್ತು, ಅಷ್ಟೇ.

ಯಾರನ್ನೂ ಬೇಡದೆ ನಾವೇ ಹೋಗುವ ದಾರಿಯನ್ನ ಕೊಟ್ಟಿದ್ದು ಅಗ್ಗದ ಮೋಟಾರು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ಮೊಪೆಡ್. ಗಾರೆ ಕೆಲಸದ ಕೂಲಿ ಕೂಡಿಸಿ ನಮ್ಮ ಚಿಕ್ಕಪ್ಪನೂ ಒಂದು ಸೆಕೆಂಡ್ ಹ್ಯಾಂಡ್ ತಂದ್ರು. ಮೇಲ್ಜಾತಿಯವರ ಬೀದಿ ಬಂದಾಗ ಮಾತ್ರ ಇಳಿದು ತಳ್ಕೊಂಡು ಹೋಗ್ತಿದ್ರು. ಪೆಟ್ರೋಲ್ ಖಾಲಿ ಆಯ್ತಾ ಚಿಕ್ಕಪ್ಪ ಅಂತ ಕೇಳಿದ್ರೆ ಮಾತೇ ಆಡ್ತಿರಲಿಲ್ಲ. ಗಾಡಿ ಕೊಂಡಿದ್ದಾಗಿತ್ತು, ಬೀದಿ ಇನ್ನೂ ನಮ್ಮದಾಗಿರಲಿಲ್ಲ.

ಇದು ಒಂದೂರಿನ ಕಥೆ ಅಲ್ಲ ಅನ್ನೋದಕ್ಕೆ ಕಾನೂನೇ ಸಾಕ್ಷಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದು, 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ನೋಡಿ. ಕಲಂ 3(1)(ಝಡ್‌ಎ) ಪ್ರಕಾರ, ಸಾರ್ವಜನಿಕ ಜಾಗದಲ್ಲಿ ದಲಿತರು, ಆದಿವಾಸಿಗಳು ಸೈಕಲ್ ಅಥವಾ ಮೋಟಾರ್ ಸೈಕಲ್ ಓಡಿಸೋದನ್ನ, ಚಪ್ಪಲಿ ಹಾಕೋದನ್ನ ತಡೆದ್ರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ನಡೆಯದೇ ಇದ್ದ ಅಪರಾಧಕ್ಕೆ ಪಾರ್ಲಿಮೆಂಟು ಇಷ್ಟು ವಿವರವಾಗಿ ಬರೆಯುತ್ತಿತ್ತಾ?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಹಳೇ 100 ಸಿಸಿ ಗಾಡಿ ಸಾಕು. ನಂಬಿಕಸ್ಥ ಮೆಕ್ಯಾನಿಕ್ ಹತ್ರ ತೋರಿಸಿ ತಗೊಳ್ಳಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ನಾಳೆ ಯಾರಾದ್ರೂ ತಡೆದು ‘ಯಾರದ್ದೋ ಇದು’ ಅಂದಾಗ ಅದೇ ಉತ್ತರ. ಇನ್ಶೂರೆನ್ಸ್ ಇರ್ಲಿ. ಎಲ್‌ಎಲ್ ಮಾಡಿಸಿದ 30 ದಿನದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಅಷ್ಟರೊಳಗೆ ಖಾಲಿ ಮೈದಾನದಲ್ಲಿ ಸರಿಯಾಗಿ ಕಲೀರಿ. ದುಡ್ಡು ಉಳಿಸೋಕೆ ಹೋಗಿ ಹೆಲ್ಮೆಟ್ ಬಿಡಬೇಡಿ. ಹುಡುಗೀರಿಗೆ ಮೊದಲು ಕಲಿಸಿ.

ಚಾಳೀಸ್‌ಗಾಂವ್‌ನ ನಮ್ಮವರಿಗೆ ಮರ್ಯಾದೆ ಉಳಿಸ್ಕೊಳ್ಳೋಕೆ ಜೀವ ಒತ್ತೆ ಇಡಬೇಕಾಗಿತ್ತು. ನಮಗೆ ಎರಡೂ ಬೇಕು.

ಜೈ ಭೀಮ್.