ಕೌದಿ, ಸಿದ್ದಿ ಶಿಶುಗಳ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲ್ಲೂಕುಗಳ ಅರಣ್ಯಸೀಮೆಯಲ್ಲಿ ನೆಲಸಿರುವ, ಆಫ್ರಿಕಾ ಮೂಲದವರಾದ ಸಿದ್ದಿ ಜನಾಂಗದ ಸ್ತ್ರೀಯರು ಮನೆಮಂದಿ ಉಟ್ಟು ಹಳತಾದ ವಸ್ತ್ರಗಳಿಂದ ತಮ್ಮ ಕೂಸುಗಳಿಗಾಗಿ ಕೈಯಿಂದಲೇ ಹೊಲಿಯುವ ಹಾಸುಹೊದಿಕೆ. ಕವಂದಿ ಎಂದೂ ಕರೆಯುವರು.

ಹಿರಿಯರ ಕೌದಿಗಿಂತ ಅಳತೆಯಲ್ಲಿ ಕಿರಿದಾದರೂ ಅಲಂಕಾರದಲ್ಲಿ ಇದು ದರಿದ್ರವಲ್ಲ. ಹಳೆಯ ಸೀರೆಯೊಂದನ್ನು ತಳವಸ್ತ್ರವಾಗಿ ಹರಡಿ, ಮೂಲೆಯೊಂದರಿಂದ ಆರಂಭಿಸಿ, ತೇಪೆಗಳ ಅಂಚನ್ನು ಒಳಕ್ಕೆ ಮಡಿಸಿಕೊಳ್ಳುತ್ತ, ಸಾಲುಸಾಲಾಗಿ ಓಟದ ಹೊಲಿಗೆ ಹಾಕುತ್ತ, ಹೊರಸುತ್ತಿನಿಂದ ನಡುವಿನತ್ತ ಸಾಗುವುದು ಇದರ ಕ್ರಮವಾದುದರಿಂದ, ತೇಪೆಗಳನ್ನು ಕೂಡಿಸುವ ಕೆಲಸವೂ ಪದರಗಳನ್ನು ಬಂಧಿಸುವ ಕೆಲಸವೂ ಒಂದೇ ದಾರದಿಂದ ಒಮ್ಮೆಗೇ ನೆರವೇರುತ್ತವೆ. ಪೂರ್ವಲಿಖಿತ ನಕ್ಷೆಯಿಲ್ಲ; ಕೈಗೆ ಬಂದ ತುಂಡಿನ ವರ್ಣವೂ ಆಕಾರವೂ ಮುಂದಿನ ತುಂಡನ್ನು ನಿರ್ಣಯಿಸುತ್ತವೆ. ಈ ಸ್ವಚ್ಛಂದ ವಿನ್ಯಾಸದಲ್ಲಿಯೇ ಸಿದ್ದಿ ಸ್ತ್ರೀಯ ಕಲಾಪ್ರತಿಭೆ ಪೂರ್ಣವಾಗಿ ಪ್ರಕಟವಾಗುತ್ತದೆಂದು ಹೇಳಬೇಕು.

ದೊಡ್ಡ ತೇಪೆಗಳ ಮೇಲೆ ಉಜ್ಜ್ವಲವರ್ಣದ ಪುಟ್ಟ ತುಣುಕುಗಳನ್ನು ಕೂಡಿಸುವುದುಂಟು. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯೂ ಮುಸಲ್ಮಾನರ ಕೌದಿಗಳಲ್ಲಿ ಅರ್ಧಚಂದ್ರವೂ ಕಾಣಸಿಗುತ್ತವೆ. ನಾಲ್ಕು ಮೂಲೆಗಳಲ್ಲಿ, ಬಟ್ಟೆಯನ್ನು ಪದರಪದರವಾಗಿ ಮಡಿಸಿದ ತ್ರಿಕೋನಾಕಾರದ ‘ಫೂಲ’ಗಳನ್ನು ಹೊಲಿದಲ್ಲದೆ ಕೌದಿ ಪೂರ್ಣವಾಗದು, ಅವಿಲ್ಲದುದು ಅವರ ದೃಷ್ಟಿಯಲ್ಲಿ ಬತ್ತಲೆ. ನಡುವಣ ಕೊನೆಯ ತೇಪೆಯನ್ನು ಮುಚ್ಚುವ ಮುನ್ನ, ಹೊಟ್ಟೆ ತುಂಬಿರಲೆಂಬ ಹಾರೈಕೆಯಿಂದ, ಕೆಲವರು ಅದರೊಳಗೆ ನಾಲ್ಕಾರು ಅಕ್ಕಿಕಾಳುಗಳನ್ನಿಡುವರು.

ಪದೇಪದೇ ಒಗೆದು ಮೃದುವಾದ ಹತ್ತಿಬಟ್ಟೆ ಎಳೆಯ ಚರ್ಮಕ್ಕೆ ಹಿತಕರವಾದುದು. ಸವೆದೆಡೆಗೆ ಹೊಸ ತೇಪೆಯನ್ನು ಹಚ್ಚಿದರೆ ಅದೇ ಕೌದಿ ಮುಂದಿನ ಕೂಸಿಗೂ ಒದಗುತ್ತದೆ.