5060ರ ಬಾಗಿಲು: ಅಂತರ್ಜಾಲ ದೂರವಾಣಿಯೂ ಪೋರ್ಟ್ ತಡೆಯೂ

ಅಮೆರಿಕದ ನಾರ್ತ್ ಕೆರೊಲಿನಾದ ಮ್ಯಾಡಿಸನ್ ರಿವರ್ ಕಂಪನಿ ಸ್ಥಿರ ದೂರವಾಣಿಯ ಜೊತೆಗೆ ಡಿಎಸ್ಎಲ್ ಅಂತರ್ಜಾಲವನ್ನೂ ಮಾರುತ್ತಿತ್ತು. ಆ ಅಂತರ್ಜಾಲದ ಮೇಲೆಯೇ ಗ್ರಾಹಕರು ಅಂತರ್ಜಾಲ ದೂರವಾಣಿ ಸಂಸ್ಥೆ ವೊನೇಜ್‌ನ ಅಗ್ಗದ ಫೋನ್ ಬಳಸತೊಡಗಿದಾಗ, ಮ್ಯಾಡಿಸನ್ ರಿವರ್ ಆ ಕರೆಗಳು ಸಾಗುವ ಸಂಖ್ಯೆಯ ಬಾಗಿಲುಗಳನ್ನೇ, ಎಂದರೆ ಪೋರ್ಟ್‌ಗಳನ್ನೇ ಮುಚ್ಚಿತು. ವೊನೇಜ್ ದೂರು ಕೊಟ್ಟಿತು. 2005ರ ಮಾರ್ಚ್ 3ರಂದು ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿತು: ಮುಂದೆ ತಡೆಯಬಾರದು, ಖಜಾನೆಗೆ 15,000 ಡಾಲರ್ ಕಟ್ಟಬೇಕು. ದಂಡ ಎನ್ನುವುದಕ್ಕೂ ಸಂಕೋಚವಾಗುವಷ್ಟು ಸಣ್ಣ ಮೊತ್ತ!

ತಡೆ ಇಷ್ಟು ಸಲೀಸಾದದ್ದು ಹೇಗೆ? ಕರೆ ಜೋಡಿಸುವ ಸಿಪ್ ನಿಯಮಾವಳಿಯ ರೂಢಿಯ ಪೋರ್ಟ್ 5060. ಗೂಢಲಿಪೀಕರಿಸಿದ ಸಿಪ್‌ಗೆ 5061. ರೂಟರ್‌ನಲ್ಲಿ ಒಂದು ಸಾಲಿನ ನಿಯಮ ಬರೆದರೆ 5060 ಬಂದ್. ಆದರೆ ಆ ಸಂಖ್ಯೆ ಬರೀ ರೂಢಿ. ಆಸ್ಟರಿಸ್ಕ್‌ನಂಥ ಸರ್ವರ್‌ನಲ್ಲೂ ಫೋನ್‌ನಲ್ಲೂ ಬೇರೆ ಪೋರ್ಟ್ ನಮೂದಿಸಿದರೆ ಆ ನಿಯಮ ನಿರುಪಯುಕ್ತ.

ಹಾಗೆಂದು ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಸಿಪ್ ಕರೆಯನ್ನು ಜೋಡಿಸುತ್ತದೆಯಷ್ಟೇ; ಧ್ವನಿ ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ ಬರುತ್ತದೆ. ಆಸ್ಟರಿಸ್ಕ್‌ನ ಮಾದರಿ ಕಡತದಲ್ಲಿ ಅದಕ್ಕೆ 10000ದಿಂದ 20000ದವರೆಗಿನ ಯುಡಿಪಿ ಪೋರ್ಟ್‌ಗಳು ಮೀಸಲು. ಇವನ್ನು ಫೈರ್‌ವಾಲ್‌ನಲ್ಲಿ ತೆರೆಯದಿದ್ದರೆ ಬೆಲ್ ಆಗುತ್ತದೆ, ಫೋನ್ ಎತ್ತಿದರೆ ಮಾತೇ ಇಲ್ಲ. ಇನ್ನೊಂದು ಕಾಟ ಮನೆಯ ಒಳವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ನ್ಯಾಟ್‌ನದು. ಮನೆಯ ಫೋನ್ ತನ್ನ ವಿಳಾಸ 192.168.1.10 ಎಂದು ಸಂದೇಶದೊಳಗೇ ಬರೆದು ಕಳಿಸುತ್ತದೆ. ಹೊರಗಿನ ಸರ್ವರ್‌ಗೆ ಆ ವಿಳಾಸದಿಂದ ಉಪಯೋಗವಿಲ್ಲ. ಆಗ ಒಂದೇ ಕಡೆಯ ಮಾತು ಕೇಳಿಸುತ್ತದೆ. ಇದನ್ನು ಸರಿಪಡಿಸಲೆಂದೇ ರೂಟರ್‌ಗಳಲ್ಲಿರುವ ಸಿಪ್ ಎಎಲ್‌ಜಿ ಎಷ್ಟೋ ಸಲ ಸಂದೇಶವನ್ನು ಮತ್ತಷ್ಟು ಕೆಡಿಸುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವುದೇ ತಂತ್ರಜ್ಞರು ಮೊದಲು ಕೊಡುವ ಸಲಹೆ.

ದತ್ತಾಂಶ ಪೊಟ್ಟಣದ ಒಳಗನ್ನೇ ಇಣುಕಿ ನೋಡುವ ಸೇವಾದಾರರ ಮುಂದೆ ಪೋರ್ಟ್ ಬದಲಾವಣೆ ನಡೆಯದು. ಗೂಢಲಿಪಿಯಿಲ್ಲದ ಸಿಪ್ ಸಂದೇಶ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಟಿಎಲ್ಎಸ್ ಗೂಢಲಿಪಿ ಹೊದಿಸಿ, ಧ್ವನಿಯನ್ನು ನಡುವೆ ನಿಂತು ದಾಟಿಸುವ ಟರ್ನ್ ಸರ್ವರ್ ಮೂಲಕ ಟಿಸಿಪಿ 443ರಲ್ಲಿ ಸಾಗಿಸಿದರೆ ಅದು ಸುರಕ್ಷಿತ ಜಾಲತಾಣದ ಸಂಚಾರದಂತೆ ಕಾಣುತ್ತದೆ. ಬೆಲೆಯೂ ಇದೆ: ಒಂದು ಪೊಟ್ಟಣ ಕಳೆದರೆ ಟಿಸಿಪಿ ಅದಕ್ಕಾಗಿ ಕಾಯುತ್ತದೆ, ಮಾತು ತಡವರಿಸುತ್ತದೆ.

ವೊನೇಜ್ ಗ್ರಾಹಕರ ಕೈಯಲ್ಲಿದ್ದದ್ದು ವೊನೇಜ್ ತಾನೇ ಹೊಂದಿಸಿ ಕೊಟ್ಟ ಅಡಾಪ್ಟರ್; ಇಂಥ ಉಪಾಯಗಳು ಅವರ ಅಳವಿನಲ್ಲಿರಲಿಲ್ಲ. ಅವರಿಗೆ ಒದಗಿದ್ದು ಕಾನೂನು, ಅದೂ ದೂರವಾಣಿ ಕಂಪನಿಗಳಿಗೆಂದು 1934ರಲ್ಲಿ ಮಾಡಿದ್ದು. ಆ ಆಸರೆಯೂ ಬಾಳಲಿಲ್ಲ. ಅದೇ 2005ರ ಆಗಸ್ಟ್‌ನಲ್ಲಿ ಎಫ್‌ಸಿಸಿ ಡಿಎಸ್ಎಲ್ ಅನ್ನು ‘ಮಾಹಿತಿ ಸೇವೆ’ ಎಂದು ವರ್ಗೀಕರಿಸಿ ಆ ಕಟ್ಟಳೆಗಳಿಂದ ಹೊರಗಿಟ್ಟಿತು. 2015ರಲ್ಲಿ ಮರಳಿದ ಆ ಕಟ್ಟಳೆ 2017ರಲ್ಲಿ ಹೋಯಿತು, 2024ರಲ್ಲಿ ಎಫ್‌ಸಿಸಿ ಅದನ್ನು ಮತ್ತೆ ಹೊರಡಿಸಿತು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು.