ಮರದ ಯುದ್ಧಹಡಗು ಮುಗಿದದ್ದು ಯಾವಾಗ? ಅಮೆರಿಕದ ನೌಕಾಪಡೆಯಲ್ಲಿ ಹಾಯಿ, ಉಗಿ, ಕಬ್ಬಿಣ (1843–1883)

ಅಮೆರಿಕದ ನೌಕಾ ಇತಿಹಾಸ ಬರೆದವರಲ್ಲಿ ಬಹಳ ಜನ ಮರದ ಯುದ್ಧಹಡಗಿನ ಶ್ರಾದ್ಧವನ್ನು ಎರಡೇ ದಿನಗಳಲ್ಲಿ ಮುಗಿಸಿಬಿಡುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮಾರ್ಚ್ 8ರಂದು ವರ್ಜೀನಿಯಾ ಕರಾವಳಿಯ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ದಕ್ಷಿಣ ಪಕ್ಷದ ಕಬ್ಬಿಣದ ಕವಚದ ಹಡಗು 'ವರ್ಜೀನಿಯಾ', ಉತ್ತರ ಪಕ್ಷದ 'ಕಂಬರ್ಲೆಂಡ್' ಹಡಗಿನ ಪಕ್ಕೆಯನ್ನು ಮೂತಿಯಿಂದ ಗುದ್ದಿ ಮುಳುಗಿಸಿತು. 'ಕಾಂಗ್ರೆಸ್' ಹಡಗನ್ನು ಸುಟ್ಟಿತು. ಎರಡರಲ್ಲೂ ಸೇರಿ ಸುಮಾರು 240 ಮಂದಿ ಸತ್ತರು. ಮರುದಿನ ಜಾನ್ ಎರಿಕ್ಸನ್ ರೂಪಿಸಿದ ಉತ್ತರದ ಕಬ್ಬಿಣದ ಹಡಗು 'ಮಾನಿಟರ್' ವರ್ಜೀನಿಯಾವನ್ನು ತಡೆಯಿತು. ಕಬ್ಬಿಣ ಕಬ್ಬಿಣವನ್ನು ಎದುರಿಸಿದ ಮೇಲೆ ಮರಕ್ಕೇನು ಕೆಲಸ ಎಂಬುದು ಅಂದಿನಿಂದ ಬಂದ ತೀರ್ಪು. ಆ ತೀರ್ಪು ಅವಸರದ್ದು ಎಂಬುದು ಈ ಲೇಖನದ ವಾದ.

ಮೊದಲು ಆ ದಿನ ನಾಶವಾದ ಹಡಗುಗಳು ಎಂಥವು ಎಂದು ನೋಡಬೇಕು. ಕಂಬರ್ಲೆಂಡ್, ಕಾಂಗ್ರೆಸ್ ಎರಡೂ ಬರೀ ಹಾಯಿಹಡಗುಗಳು. ಯಂತ್ರವಿಲ್ಲ. ಗಾಳಿ ಸಾಲದೆ ಲಂಗರಿನ ಮೇಲೆ ನಿಂತಿದ್ದ ಕಂಬರ್ಲೆಂಡ್ ಹೊಡೆತ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯುವಂತೆಯೂ ಇರಲಿಲ್ಲ. ಅಲ್ಲಿದ್ದ ಉಗಿ ಫ್ರಿಗೇಟ್‌ಗಳಲ್ಲಿ 'ರೋನೋಕ್'ನ ಪ್ರೊಪೆಲರ್ ದಂಡ ಮುರಿದು ಬಿದ್ದಿತ್ತು. 'ಮಿನೆಸೋಟ' ಮರಳುದಿಬ್ಬಕ್ಕೆ ಸಿಕ್ಕಿ, ನೀರು ಆಳವಿಲ್ಲದ ಕಾರಣಕ್ಕೇ ಬದುಕಿಕೊಂಡಿತು. ಅವು ಸರಿಯಾಗಿ ಓಡಾಡುತ್ತಿದ್ದರೂ ಅವುಗಳ ಗುಂಡು ಆ ಕವಚವನ್ನು ತೂತು ಮಾಡುತ್ತಿತ್ತೆಂದು ನಾನು ಹೇಳಲಾರೆ. ಆದರೆ ಆ ದಿನ ಸೋತದ್ದು ಮರವೆನ್ನುವುದಕ್ಕಿಂತ ಗಾಳಿಯನ್ನೇ ನಂಬಿದ ಹಡಗು ಎನ್ನುವುದು ಸರಿ. ಗೆದ್ದ ವರ್ಜೀನಿಯಾದ ಒಡಲೂ ಮರದ್ದೇ. 1855ರಲ್ಲಿ ನೀರಿಗಿಳಿದ 'ಮೆರಿಮ್ಯಾಕ್' ಎಂಬ ಉಗಿ ಫ್ರಿಗೇಟನ್ನು, ಯುದ್ಧ ಶುರುವಾದಾಗ ಉತ್ತರದವರು ನಾರ್ಫೋಕ್ ನೌಕಾನೆಲೆ ಬಿಟ್ಟು ಹೋಗುವ ಗಡಿಬಿಡಿಯಲ್ಲಿ ಸುಟ್ಟಿದ್ದರು. ಉಳಿದ ಅರ್ಧ ಒಡಲನ್ನು ಮೇಲೆತ್ತಿ, ಅದೇ ಹಳೆಯ ಯಂತ್ರವಿಟ್ಟುಕೊಂಡು, ಮೇಲೆ ಮರದ ದಪ್ಪ ಗೋಡೆ ಕಟ್ಟಿ ಕಬ್ಬಿಣದ ಪಟ್ಟಿ ಹೊದಿಸಿದ್ದರು.

ಉಗಿಯಂತ್ರ ಅಮೆರಿಕದ ಯುದ್ಧಹಡಗಿಗೆ ಬಂದು ಆಗಲೇ ಎರಡು ದಶಕ ಕಳೆದಿತ್ತು. ಮೊದಲು ಬಂದವು ಪಕ್ಕದಲ್ಲಿ ದೊಡ್ಡ ಗಾಲಿಗಳಿದ್ದ ಹಡಗುಗಳು. ಗಾಲಿ ಫಿರಂಗಿಯ ಜಾಗವನ್ನು ತಿನ್ನುತ್ತಿತ್ತು. ಶತ್ರುವಿನ ಒಂದು ಗುಂಡು ತಗುಲಿದರೆ ಹಡಗು ಕುಂಟುತ್ತಿತ್ತು. 1843ರ 'ಪ್ರಿನ್ಸ್‌ಟನ್' ಈ ತೊಡಕನ್ನು ಬಿಡಿಸಿತು. ಎರಿಕ್ಸನ್‌ನದೇ ಪ್ರೊಪೆಲರ್ ನೀರಿನೊಳಗೆ, ಯಂತ್ರವೂ ನೀರಿನ ಮಟ್ಟಕ್ಕಿಂತ ಕೆಳಗೆ. ಮರುವರ್ಷ ಫೆಬ್ರವರಿಯಲ್ಲಿ ಅದರ ಮೇಲಿನ ದೊಡ್ಡ ಫಿರಂಗಿ ಸಿಡಿದು ವಿದೇಶಾಂಗ ಕಾರ್ಯದರ್ಶಿ, ನೌಕಾ ಕಾರ್ಯದರ್ಶಿ ಇಬ್ಬರೂ ಸತ್ತದ್ದರಿಂದ ಜನರ ನೆನಪಿನಲ್ಲಿ ಉಳಿದದ್ದು ಆ ದುರಂತ, ಪ್ರೊಪೆಲರ್ ಅಲ್ಲ.

1861ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ದಕ್ಷಿಣದ ಸುಮಾರು 3,500 ಮೈಲಿ ಕರಾವಳಿಗೆ ದಿಗ್ಬಂಧನ ಸಾರಿದಾಗ ಕೈಯಲ್ಲಿದ್ದ ಹಡಗುಗಳು ಸುಮಾರು 90; ಅವುಗಳಲ್ಲಿ ಕೆಲಸದಲ್ಲಿದ್ದವು ಅರ್ಧಕ್ಕಿಂತ ಕಡಿಮೆ. ಕಬ್ಬಿಣಕ್ಕಾಗಿ ಕಾಯುವ ಪುರುಸೊತ್ತು ಇರಲಿಲ್ಲ. ವ್ಯಾಪಾರದ ಹಡಗು, ದೋಣಿ, ಸ್ಕೂನರ್ ಎಂದು ಸಿಕ್ಕಿದ್ದನ್ನೆಲ್ಲ ಕೊಂಡು ಫಿರಂಗಿ ಏರಿಸಿದರು. ಜತೆಗೆ 'ತೊಂಬತ್ತು ದಿನದ ಗನ್‌ಬೋಟ್' ಎಂದು ಹೆಸರಾದ 23 ಮರದ ಉಗಿಹಡಗುಗಳನ್ನು ಕಟ್ಟಿಸಿದರು. ಹಸಿಮರವನ್ನು ಒಣಗಲು ಬಿಡದೆ ಕೊಯ್ದು ಜೋಡಿಸಿದ ಹಡಗುಗಳವು. ಇದಕ್ಕೆ ತೆತ್ತ ಬೆಲೆಯ ಮಾತು ಮುಂದೆ ಬರುತ್ತದೆ. ಈ ದಿಗ್ಬಂಧನ ನಮ್ಮ ಕಡೆಗೂ ತಟ್ಟಿತು. ಅಮೆರಿಕದ ಹತ್ತಿ ನಿಂತುಹೋಗಿ ಲಂಕಾಷೈರ್ ಗಿರಣಿಗಳು ಧಾರವಾಡದ ಹತ್ತಿಗೆ ಕೈಚಾಚಿದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಆ ಹತ್ತಿಯನ್ನು ಕಾರವಾರದಿಂದ ಹೊರಸಾಗಿಸುವ ಲೆಕ್ಕಾಚಾರವಿತ್ತು.

ದಿಗ್ಬಂಧನದ ನಿಜವಾದ ತಲೆನೋವು ಕಲ್ಲಿದ್ದಲು. ಕಾವಲು ನಿಂತ ಉಗಿಹಡಗು ಓಡಲಿ ಬಿಡಲಿ ಬಾಯ್ಲರ್ ಬಿಸಿಯಾಗಿರಲೇಬೇಕು. ಮೇಲಿಂದ ಮೇಲೆ ಕಾವಲು ಬಿಟ್ಟು ಇದ್ದಲು ತುಂಬಿಕೊಳ್ಳಲು ಹೋಗಬೇಕಿತ್ತು. 1861ರ ನವೆಂಬರ್ 7ರಂದು ಉತ್ತರದ ನೌಕಾಧಿಕಾರಿ ಡು ಪಾಂಟ್ ದಕ್ಷಿಣ ಕ್ಯಾರೊಲಿನಾದ ಪೋರ್ಟ್ ರಾಯಲ್ ಹಿಡಿದದ್ದು ಮುಖ್ಯವಾಗಿ ಇಂಥ ನೆಲೆಯೊಂದು ಬೇಕಾಗಿತ್ತೆಂದೇ. ಅಲ್ಲಿ ಅವನ ಉಗಿಹಡಗುಗಳು ಎರಡು ಕೋಟೆಗಳ ನಡುವೆ ಸುತ್ತು ಹಾಕುತ್ತ ಗುಂಡು ಹಾರಿಸಿದವು. 'ವ್ಯಾಂಡೇಲಿಯಾ' ಎಂಬ ಹಾಯಿಹಡಗನ್ನು ಮಾತ್ರ ಇನ್ನೊಂದು ಹಡಗು ಹಗ್ಗ ಕಟ್ಟಿ ಎಳೆಯಬೇಕಾಯಿತು. ಹಾಗೆಂದು ಹಾಯಿ ಉಪಯೋಗಕ್ಕೆ ಬಾರದೆ ಹೋಗಲಿಲ್ಲ. ನೆಲೆಗಳಿಗೆ ಇದ್ದಲು ತಂದು ಸುರಿಯುತ್ತಿದ್ದವು ಹಾಯಿಹಡಗುಗಳೇ. 1862ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಕಾವಲಿದ್ದ ಕೋಟೆಗಳ ಮೇಲೆ ಉತ್ತರದ ನೌಕಾಧಿಕಾರಿ ಡೇವಿಡ್ ಪೋರ್ಟರ್ 13 ಇಂಚಿನ ಮಾರ್ಟರ್ ಗುಂಡು ಸುರಿಸಿದ್ದು ಸ್ಕೂನರ್ ಎಂಬ ಹಾಯಿಹಡಗುಗಳಿಂದ. ಕಾಡಿನಂಚಿನಲ್ಲಿ ನಿಂತು, ಕೂವೆಮರಗಳಿಗೆ ಸೊಪ್ಪು ಕಟ್ಟಿ, ಅವು ಕಣ್ಣು ತಪ್ಪಿಸಿಕೊಂಡಿದ್ದವು. ಏಪ್ರಿಲ್ 24ರ ನಸುಕಿನಲ್ಲಿ ಆ ಕೋಟೆಗಳ ಬಾಯಿಯ ಮುಂದೆಯೇ ಹಾದುಹೋದ, ಉತ್ತರದ ನೌಕಾನಾಯಕ ಫ್ಯಾರಗಟ್‌ನ ಪಡೆಯಲ್ಲಿ ಇದ್ದವೂ ಮರದ ಹಡಗುಗಳೇ. ಹ್ಯಾಂಪ್ಟನ್ ರೋಡ್ಸ್ ಕದನ ನಡೆದು ಆಗಿನ್ನೂ ಏಳು ವಾರವೂ ಆಗಿರಲಿಲ್ಲ.

ಮರದ ಹಡಗು ತನ್ನ ದೌರ್ಬಲ್ಯವನ್ನು ಹೇಗೆ ನಿಭಾಯಿಸಿಕೊಂಡಿತು ಎಂಬುದು ಈ ಕತೆಯ ಅತ್ಯಂತ ರಂಜಕ ಭಾಗ. ಇತಿಹಾಸಕಾರರು ಇದನ್ನು ಎರಡು ಸಾಲಿನಲ್ಲಿ ದಾಟಿಬಿಡುವುದೇಕೋ ತಿಳಿಯದು. ಫ್ಯಾರಗಟ್ ದೊಡ್ಡ ಹಡಗಿನ ಮಗ್ಗುಲಿಗೆ, ಕೋಟೆಗೆ ಮರೆಯಾದ ಕಡೆ, ಚಿಕ್ಕದೊಂದನ್ನು ಕಟ್ಟುತ್ತಿದ್ದ. ದೊಡ್ಡದರ ಬಾಯ್ಲರ್ ಹೋದರೆ ಚಿಕ್ಕದು ಎಳೆದುಕೊಂಡು ಹೋಗಬೇಕು. 1863ರ ಮಾರ್ಚ್ 14ರ ರಾತ್ರಿ ಪೋರ್ಟ್ ಹಡ್ಸನ್‌ನಲ್ಲಿ 'ಮಿಸಿಸಿಪ್ಪಿ' ಒಂದಕ್ಕೆ ಜೋಡಿ ಸಿಗಲಿಲ್ಲ. ಅದು ಗಾಲಿಹಡಗು, ಮಗ್ಗುಲಿಗೆ ಏನನ್ನೂ ಕಟ್ಟುವಂತಿರಲಿಲ್ಲ. ಅದು ದಿಬ್ಬಕ್ಕೆ ಹತ್ತಿ ಸುಟ್ಟುಹೋಯಿತು. 1864ರ ಆಗಸ್ಟ್ 5ರಂದು ಮೊಬೈಲ್ ಕೊಲ್ಲಿಯಲ್ಲಿ 14 ಮರದ ಹಡಗುಗಳು ಏಳು ಜೋಡಿಯಾಗಿ ನುಗ್ಗಿದವು. ಜತೆಗಿದ್ದ ನಾಲ್ಕು ಕವಚದ ಹಡಗುಗಳಲ್ಲಿ 'ಟೆಕಮ್ಸೆ' ನೀರಿನಲ್ಲಿ ಹುದುಗಿಸಿದ್ದ ಸ್ಫೋಟಕಕ್ಕೆ ತಗುಲಿ ಕ್ಷಣಗಳಲ್ಲಿ ಮುಳುಗಿತು. ಮರದ ಹಡಗುಗಳು ದಾಟಿಕೊಂಡವು. ಕೊನೆಯ ಜೋಡಿಯಲ್ಲಿ 'ಒನೈಡಾ'ದ ಬಾಯ್ಲರ್‌ಗೆ ಗುಂಡು ಬಿದ್ದಾಗ ಅದನ್ನು ಎಳೆದು ಪಾರುಮಾಡಿದ್ದು 'ಗೆಲೀನಾ'. ಈ ಗೆಲೀನಾ ಮಾನಿಟರ್‌ನೊಂದಿಗೇ ಕಟ್ಟಿಸಿದ ಮೊದಲ ಮೂರು ಕವಚದ ಹಡಗುಗಳಲ್ಲಿ ಒಂದು. 1862ರ ಮೇನಲ್ಲಿ ಡ್ರೂರಿಸ್ ಬ್ಲಫ್‌ನಲ್ಲಿ ಗುಂಡುಗಳು ಅದರ ತೆಳು ಕವಚವನ್ನು ಹರಿದುಹಾಕಿದ್ದವು. ಆಮೇಲೆ ಕಬ್ಬಿಣ ಕಿತ್ತು ಮತ್ತೆ ಮರದ ಹಡಗನ್ನಾಗಿ ಮಾಡಿದ್ದರು. ಮರದಿಂದ ಕಬ್ಬಿಣಕ್ಕೆ ನೇರ ದಾರಿ ಎಂದು ನಂಬುವವರು ಗೆಲೀನಾವನ್ನು ಎಲ್ಲಿಡುತ್ತಾರೋ ನೋಡಬೇಕು.

ದಕ್ಷಿಣದವರ ಲೆಕ್ಕವೂ ಬೇರೆಯಿರಲಿಲ್ಲ. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಕಟ್ಟಿಸಿದ 'ಅಲಬಾಮಾ'ದ ಒಡಲು ಮರದ್ದು. ದೂರದ ಬಂದರಿನಲ್ಲಿ ಕೆಟ್ಟರೆ ಮರವನ್ನು ಯಾವ ಬಡಗಿಯೂ ಸರಿಮಾಡಬಲ್ಲ. ಇದ್ದಲು ಉಳಿಸಲು ಪ್ರೊಪೆಲರನ್ನು ಮೇಲೆತ್ತಿ ಹಾಯಿ ಬಿಚ್ಚಿ ತಿಂಗಳುಗಟ್ಟಲೆ ಅಲೆಯುತ್ತಿತ್ತು. ಬೇಟೆ ಕಂಡಾಗ ಮಾತ್ರ ಉಗಿ. ಹೀಗೆ ಅದು ಹಿಡಿದ ವ್ಯಾಪಾರಿ ಹಡಗುಗಳು 60ಕ್ಕೂ ಹೆಚ್ಚು. 1864ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ 'ಎಮ್ಮಾ ಜೇನ್' ಎಂಬ ಹಡಗನ್ನು ಸುಟ್ಟು, ಅದರ ಜನರನ್ನು ಅಂಜುತೆಂಗಿನಲ್ಲಿ ಇಳಿಸಿಹೋಯಿತು. ಜೂನ್ 19ರಂದು ಫ್ರಾನ್ಸಿನ ಶೆರ್ಬುರ್ಗ್ ಎದುರು ಅದನ್ನು ಮುಳುಗಿಸಿದ 'ಕಿಯರ್‌ಸಾರ್ಜ್' ಕೂಡ ಮರದ್ದೇ. ಯಂತ್ರದ ಎದುರಿನ ಪಕ್ಕೆಗೆ ಲಂಗರಿನ ಸರಪಳಿ ಇಳಿಬಿಟ್ಟು, ಮೇಲೆ ಹಲಗೆ ಹೊಡೆದುಕೊಂಡಿತ್ತು, ಅಷ್ಟೇ.

ಯುದ್ಧ ಮುಗಿದ ಮೇಲೆ ಹಾಯಿ ತಿರುಗಿ ಬಂತು. 1868ರಲ್ಲಿ ಎಂಜಿನಿಯರ್ ಐಷರ್‌ವುಡ್‌ನ ಯಂತ್ರ ಹೊತ್ತ 'ವಾಂಪನೋಗ್' 17 ನಾಟ್ ಮೀರಿ ಓಡಿತು. ಮರುವರ್ಷವೇ ಅಧಿಕಾರಿಗಳ ಮಂಡಳಿಯೊಂದು ಅದನ್ನು ಮೂಲೆಗೆ ತಳ್ಳಿತು. ಸ್ಕೂನರ್‌ಗಳ ಪೋರ್ಟರ್ ಈಗ ನೌಕಾ ಇಲಾಖೆಯ ಚುಕ್ಕಾಣಿ ಹಿಡಿದಿದ್ದ. ಹಡಗುಗಳಿಗೆಲ್ಲ ಪೂರ್ಣ ಹಾಯಿ ಇರಬೇಕು, ಉಗಿ ಬಳಸಿದರೆ ಕಾರಣವನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು ಎಂದು 1869ರಲ್ಲಿ ಆದೇಶವಾಯಿತು. ಇದನ್ನು ಹಿಮ್ಮುಖ ಬುದ್ಧಿ ಎಂದು ನಗುವುದು ವಾಡಿಕೆ. ಯಂತ್ರದವರ ಮೇಲಿನ ಅಸೂಯೆ ಅದರಲ್ಲಿದ್ದದ್ದು ನಿಜ. ಆದರೆ ಹೊರಸಮುದ್ರದಲ್ಲಿ ಸ್ವಂತ ಇದ್ದಲು ನೆಲೆಗಳಿಲ್ಲದ, ಖರ್ಚಿಗೆ ಕತ್ತರಿ ಬಿದ್ದ ನೌಕಾಪಡೆಗೆ ಗಾಳಿ ಪುಕ್ಕಟೆಯಾಗಿ ಸಿಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಕೊನೆಗೆ ಮರವನ್ನು ಮುಗಿಸಿದ್ದು ಕೊಳೆತ ಮತ್ತು ಲೆಕ್ಕಪತ್ರ. ಯುದ್ಧದ ಹಸಿಮರದ ಹಡಗುಗಳು ಕೆಲವೇ ವರ್ಷಗಳಲ್ಲಿ ಲಡ್ಡಾದವು. ದುರಸ್ತಿಯ ಹೆಸರಿನಲ್ಲಿ ಹಣ ಹರಿಯಿತು. ಕೆಲವೆಡೆ 'ದುರಸ್ತಿ' ಎಂದರೆ ಹೊಸ ಹಡಗನ್ನೇ ಕಟ್ಟುವುದಾಯಿತು. ಇದಕ್ಕೆ ಬೇಸತ್ತ ಸಂಸತ್ತು 1882ರ ಆಗಸ್ಟ್ 5ರಂದು, ದುರಸ್ತಿಯ ಖರ್ಚು ಅಂಥದೇ ಹೊಸ ಹಡಗಿನ ಬೆಲೆಯ ಶೇ. 30 ಮೀರಿದರೆ ಮರದ ಹಡಗನ್ನು ಮುಟ್ಟಬಾರದೆಂದು ಕಾನೂನು ಮಾಡಿತು. ಮರುವರ್ಷ ಅದನ್ನು ಶೇ. 20ಕ್ಕೆ ಇಳಿಸಿತು. ಯಾವ ಫಿರಂಗಿಯೂ ಹೊಡೆಯದಷ್ಟು ಮರದ ಹಡಗುಗಳನ್ನು ಈ ಒಂದು ವಾಕ್ಯ ಗುಜರಿಗೆ ಕಳಿಸಿತು. 1883ರ ಮಾರ್ಚ್ 3ರಂದು ಒಪ್ಪಿಗೆ ಪಡೆದ ಹೊಸ ನಾಲ್ಕು ಹಡಗುಗಳು, ಅಟ್ಲಾಂಟಾ, ಬೋಸ್ಟನ್, ಶಿಕಾಗೋ, ಡಾಲ್ಫಿನ್, ಉಕ್ಕಿನವು. ಆದರೂ ಅವುಗಳ ನಕ್ಷೆಯಲ್ಲಿ ಹಾಯಿ ಕಟ್ಟಲು ಕೂವೆಮರಗಳಿದ್ದವು.